ಅಡ್ಡ ನಿಲ್ಲದ ಹೆಸರು

ಗುಡ್ಡಸಾಲಿನ ಈಚೆ ಒಂದು ಊರಿತ್ತು. ಗುಡ್ಡಸಾಲಿನ ಆಚೆ ಶತ್ರುವಿದ್ದ. ಊರಿಗೂ ಗುಡ್ಡಕ್ಕೂ ನಡುವೆ ದೊಡ್ಡ ಬಯಲು, ಬಯಲಿನಲ್ಲಿ ಸಾಲಾಗಿ ನಿಂತ ವಿಮಾನಗಳು. ಯುದ್ಧ ಯಾವಾಗ ಶುರುವಾಯಿತೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾವಾಗ ಮುಗಿಯುತ್ತದೆಂದು ಯಾರೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ವಿಮಾನಗಳು ಏಳುತ್ತಿದ್ದವು, ಮಧ್ಯಾಹ್ನ ಇಳಿಯುತ್ತಿದ್ದವು. ಎದ್ದವೆಲ್ಲ ಇಳಿದ ದಿನ ಮನೆಮನೆಯಲ್ಲೂ ಪಾಯಸ. ಇಳಿಯದೇ ಉಳಿದ ದಿನ ಒಲೆ ಉರಿಯುತ್ತಿತ್ತು, ಆದರೆ ಯಾರೂ ಸಕ್ಕರೆಯ ಡಬ್ಬಿ ಮುಟ್ಟುತ್ತಿರಲಿಲ್ಲ.

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ನೆಲದ ಹೆಸರು ನೆಲದಲ್ಲಿರಬೇಕು, ಬಾನಿನ ಹೆಸರು ಬಾನಿನಲ್ಲಿರಬೇಕು.

ಬಹಳ ಹಿಂದೆ ಮೊದಲ ಪೈಲಟ್ ತಾಯಿ ಇಟ್ಟ ಹೆಸರನ್ನೇ ಹೊತ್ತುಕೊಂಡು ಮೇಲೆ ಹೋಗಿದ್ದನಂತೆ. ಒಂದೇ ದಿನದಲ್ಲಿ ಮೋಡಗಳು ಆ ಹೆಸರನ್ನು ಕಲಿತುಬಿಟ್ಟವು. ಮಾರನೆಯ ದಿನ ಅವನನ್ನು ಹೆಸರು ಹಿಡಿದು ಕರೆದವು. ಕರೆದದ್ದು ತಾಯಿಯ ದನಿಯಲ್ಲಿ. ಪಾಪ, ಅವನು ಹೋದ, ಮತ್ತೆ ಬರಲಿಲ್ಲ. ಅಂದಿನಿಂದ ಹಾರುವ ಮೊದಲು ಪ್ರತಿಯೊಬ್ಬ ಪೈಲಟ್ಟೂ ಬಯಲಿನ ಅಂಚಿನಲ್ಲಿರುವ ಹೆಸರುಮನೆಗೆ ಹೋಗಬೇಕು. ಅಲ್ಲಿ ಅವನ ಮುಂದೆ ಒಂದು ಮಣ್ಣಿನ ಕುಡಿಕೆ ಹಿಡಿಯುತ್ತಾರೆ. ಅದರ ಬಾಯಿಗೆ ಬಾಯಿಟ್ಟು ಅವನು ತನ್ನ ನೆಲದ ಹೆಸರನ್ನು ಮೆಲ್ಲಗೆ ಹೇಳುತ್ತಾನೆ. ಕುಡಿಕೆಗೆ ಬಟ್ಟೆ ಮುಚ್ಚಿ, ಕೆಂಪು ದಾರ ಕಟ್ಟಿ, ಹಲಗೆಯ ಮೇಲೆ ಇಡುತ್ತಾರೆ. ಅಲ್ಲಿಂದಾಚೆಗೆ ಆ ಹೆಸರು ಹಿಡಿದು ಹೆಂಡತಿ ಕೂಗಿದರೂ ಅವನು ತಿರುಗುವುದಿಲ್ಲ. ಹಿಂದಿರುಗಿದ ಮೇಲೆ ದಾರ ಬಿಚ್ಚಿ ಕುಡಿಕೆಯನ್ನು ಅವನ ಕಿವಿಗೆ ಹಿಡಿಯುತ್ತಾರೆ. ಹೆಸರು ಕಿವಿಯ ಮೂಲಕ ಒಳಗೆ ಹೋಗುತ್ತದೆ, ಅವನು ಮತ್ತೆ ಯಾರದೋ ಮಗ, ಯಾರದೋ ಗಂಡ ಆಗಿ ಊಟಕ್ಕೆ ಕೂರುತ್ತಾನೆ.

ಮೇಲಿರುವಷ್ಟು ಹೊತ್ತು ಅವನನ್ನು ಕಾಯುವುದು ಅಡ್ಡಹೆಸರು. ಸಾವಿಗೆ ಅಡ್ಡ ನಿಲ್ಲುವ ಹೆಸರಾದ್ದರಿಂದಲೇ ಅದು ಅಡ್ಡಹೆಸರು ಎಂದು ಆ ಊರಿನವರ ನಂಬಿಕೆ.

ಅಡ್ಡಹೆಸರು ಸುಮ್ಮನೆ ಸಿಗುವಂಥದ್ದಲ್ಲ. ಅದು ಪೈಲಟ್ಟಿನ ಮೊದಲ ಎಡವಟ್ಟಿನಿಂದ ಹುಟ್ಟಬೇಕು. ಒಬ್ಬ ದಾರಿ ತಪ್ಪಿ ನೇರ ಹೋಗಿ ಹೆಂಡತಿಯ ತವರಿನ ಹೊಲದಲ್ಲಿ ವಿಮಾನ ಇಳಿಸಿದ್ದ. ಅತ್ತೆಮಾವ ಎಲೆ ಹಾಕಿ ಬಡಿಸಿ ಕಳಿಸಿದರು. ಅವನ ಹೆಸರು ಅತ್ತೆಮನೆ. ಇನ್ನೊಬ್ಬ ಬೆಳಗಿನ ತಿಂಡಿಯನ್ನೆಲ್ಲ ದಳಪತಿಯ ಬೂಟಿನ ಮೇಲೆ ಕಕ್ಕಿದ್ದ. ಅವನು ಉಪ್ಪಿಟ್ಟು. ಮತ್ತೊಬ್ಬ ಶತ್ರು ಬಂದನೆಂಬ ಗಂಟೆ ಕೇಳಿ ಗಾಬರಿಯಲ್ಲಿ ಒಂದೇ ಕಾಲಿಗೆ ಮೆಟ್ಟಿ ಓಡಿ ಹಾಗೆಯೇ ಯುದ್ಧ ಮಾಡಿ ಬಂದವನು, ಅವನು ಒಂಟಿಚಪ್ಪಲಿ. ಹೊರಗಿನವರು ಕೇಳಿದರೆ, ಇದೇನಪ್ಪ ವೀರರಿಗೆ ಇಂಥ ಹೆಸರುಗಳು ಎನ್ನುತ್ತಿದ್ದರು. ಆದರೆ ಅದರಲ್ಲಿ ಒಂದು ಯುಕ್ತಿಯಿತ್ತು. ಹೊಗಳಿಕೆಯ ಹೆಸರಿಗೆ ಮನುಷ್ಯ ನಿಧಾನವಾಗಿ ತಿರುಗುತ್ತಾನೆ, ಇನ್ನೊಂದು ಸಲ ಕೂಗಲಿ ಎಂದು. ಎಡವಟ್ಟಿನ ಹೆಸರಿಗೆ ಥಟ್ಟನೆ ತಿರುಗುತ್ತಾನೆ, ಇನ್ನೊಬ್ಬರಿಗೆ ಕೇಳಿಸದಿರಲಿ ಎಂದು. ಗುಡ್ಡದ ಆಚೆ ಬದುಕುವುದೂ ಸಾಯುವುದೂ ಆ ಥಟ್ಟನೆಯ ಮೇಲೆ ನಿಂತಿತ್ತು.

ಹೆಸರುಮನೆಯನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಹೆಸರಯ್ಯ ಎನ್ನುತ್ತಿದ್ದರು. ಕುಡಿಕೆ ಹಿಡಿಯುವವನೂ ಅವನೇ, ಅಡ್ಡಹೆಸರು ಇಡುವವನೂ ಅವನೇ. ಹೆಸರಿಡುವ ದಿನ ಪೈಲಟ್ಟುಗಳೆಲ್ಲ ಸುತ್ತ ನಿಲ್ಲುತ್ತಿದ್ದರು. ಹೆಸರಯ್ಯ ನಡುವೆ ನಿಂತು, ಆದ ಎಡವಟ್ಟನ್ನು ಒಂದಿಷ್ಟೂ ಬಿಡದೆ, ಬಣ್ಣ ಕಟ್ಟದೆ ಹೇಳುತ್ತಿದ್ದ. ಹೆಸರಿಡಿಸಿಕೊಳ್ಳುವವನ ಮುಖ ಮೊದಲು ಕೆಂಪಾಗಬೇಕು, ಆಮೇಲೆ ಅವನು ನಗಬೇಕು. ಈ ಎರಡೂ ಇದೇ ಕ್ರಮದಲ್ಲಿ ಆದರೆ ಹೆಸರು ಕೂತಿತೆಂದು ಅರ್ಥ. ಹೆಸರು ಕೂತ ಕೂಡಲೇ, ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆಯ ಬೆನ್ನಿಗೆ ಗುದ್ದುವ ಹಾಗೆ, ಎಲ್ಲರೂ ಹೆಸರಯ್ಯನ ಬೆನ್ನಿಗೆ ಗುದ್ದುತ್ತಿದ್ದರು. ಅವನು ಬಗ್ಗಿ, ‘ಸಾಕ್ರಪ್ಪೋ, ಬೆನ್ನು ಮುರಿದ್ಹೋಯ್ತು’ ಎಂದು ಕೂಗುತ್ತ ಖುಷಿಯಿಂದ ಗುದ್ದಿಸಿಕೊಳ್ಳುತ್ತಿದ್ದ.

ಮೂವತ್ತು ವರ್ಷಗಳಲ್ಲಿ ಅವನು ಒಂದು ಕುಡಿಕೆಯನ್ನೂ ಅದಲುಬದಲು ಮಾಡಿರಲಿಲ್ಲ. ಹಾಗಾಗಿ ಅವನಿಗೆ ಅಡ್ಡಹೆಸರಿರಲಿಲ್ಲ. ಊರಿಗೆಲ್ಲ ಹೆಸರಿಟ್ಟವನಿಗೆ ಹೆಸರಿಡುವವರು ಯಾರೂ ಇಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು. ಆ ತಮಾಷೆ ಕೇಳಿದಾಗಲೆಲ್ಲ ಅವನ ಎದೆ ಒಂದು ಬೆರಳು ಉಬ್ಬುತ್ತಿತ್ತು. ಉಬ್ಬಬಾರದಿತ್ತು, ಆದರೆ ಉಬ್ಬುತ್ತಿತ್ತು.

ಹೀಗಿರುವಾಗ ಒಬ್ಬ ಹೊಸ ಪೈಲಟ್ ಬಂದ. ಅವನು ತಪ್ಪನ್ನೇ ಮಾಡುತ್ತಿರಲಿಲ್ಲ.

ಒಂದು ತಿಂಗಳು ಕಾದರು, ಮೂರು ತಿಂಗಳು ಕಾದರು, ಹನ್ನೊಂದು ತಿಂಗಳು ಕಾದರು. ಅವನ ಬೂಟಿನ ಲಾಡಿ ಬಿಚ್ಚಲಿಲ್ಲ. ಅವನ ತಟ್ಟೆಯಿಂದ ಸಾರು ಹರಿದು ಆಚೆ ಬೀಳಲಿಲ್ಲ. ಅವನು ಇಳಿಸಿದ ವಿಮಾನದ ಚಕ್ರಗಳು ಗೆರೆಯ ಮೇಲೆ ನಿಂತವೆಂದರೆ ಗೆರೆಯ ಮೇಲೆಯೇ. ಉಪ್ಪಿಟ್ಟು ಒಂದು ದಿನ ಅವನ ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿದ. ಅವನು ಒಂದು ಗುಟುಕು ಕುಡಿದು, ಲೋಟವನ್ನು ಕೆಳಗಿಟ್ಟು, ‘ಅಣ್ಣಾ, ನಿಮ್ಮ ಲೋಟ ನನಗೆ ಬಂದಿದೆ ಅಂತ ಕಾಣತ್ತೆ’ ಎಂದ. ಜನ ಅವನನ್ನು ತಪ್ಪದವನು ಎಂದರು. ಅದು ಹೆಸರಲ್ಲ, ಬೇಜಾರಿನ ಮಾತು. ಅಡ್ಡಹೆಸರಿಲ್ಲದವನು ಊರ ಮುಂದಿನ ಮಾವಿನತೋಪು ದಾಟಿ ಹಾರುವಂತಿಲ್ಲ. ಜೊತೆಯವರು ಗುಡ್ಡದ ಆಚೆ ಹೋಗಿ ಬರುತ್ತಿದ್ದರು, ಇವನು ಬಯಲಿನ ಮೇಲೆ ಸುತ್ತು ಹಾಕಿ ಇಳಿಯುತ್ತಿದ್ದ.

ಒಂದು ಮಧ್ಯಾಹ್ನ ಅವನು ಹೆಸರುಮನೆಯ ಜಗಲಿಗೆ ಬಂದು ಕೂತ.

‘ಅಯ್ಯಾ, ನನ್ ಜೊತೆ ಬಂದೋರೆಲ್ಲ ಹೋಗಿ ಬಂದ್ರು. ಇಬ್ರು ಹೋದೋರು ಬರ್ಲೇ ಇಲ್ಲ. ನಾನು ಇಲ್ಲಿ ಗರಿಕೆ ಕೀಳ್ತಾ ಕೂತಿದೀನಿ. ಏನಾದ್ರೂ ಒಂದು ತಪ್ಪು ಮಾಡ್ಬಿಡ್ಲಾ ನಾನೇ?’

ಹೆಸರಯ್ಯ ಕುಡಿಕೆ ಒರೆಸುತ್ತಿದ್ದ. ‘ಬೇಕಂತ ಮಾಡಿದ್ದು ತಪ್ಪಲ್ಲಪ್ಪ, ನಾಟಕ. ನಾಟಕದ ಹೆಸರು ಪರದೆ ಬೀಳೋ ತನಕ ಮಾತ್ರ. ಮೇಲೆ ಕೂಗಿದಾಗ ಅದಕ್ಕೆ ಯಾವನೂ ತಿರುಗಲ್ಲ.’

‘ಹಾಗಾದ್ರೆ ನಿಮ್ಮ ಅಡ್ಡಹೆಸರೇನು ಅಯ್ಯಾ?’

‘ನನಗೆಲ್ಲಿಂದ ಬರ್ಬೇಕು? ಮೂವತ್ತು ವರ್ಷ ಆಯ್ತು. ಒಂದು ಕುಡಿಕೆ ಹೆಚ್ಚುಕಮ್ಮಿ ಆಗಿಲ್ಲ.’

ತಪ್ಪದವನು ಅವನ ಮುಖ ನೋಡಿ ನಕ್ಕ. ‘ನೋಡಿ ಮತ್ತೆ. ನಾವಿಬ್ರೂ ಒಂದೇ ಮನೆಯೋರು.’

ಆ ಮಾತು ಹೆಸರಯ್ಯನಿಗೆ ಬಹಳ ಹಿಡಿಸಿತು. ಅಂದಿನಿಂದ ತಪ್ಪದವನು ದಿನಾ ಬಂದು ಕೂರುತ್ತಿದ್ದ, ಹೆಸರಯ್ಯ ಅವನಿಗಾಗಿ ಮಡಿಕೆಯಲ್ಲಿ ಮಜ್ಜಿಗೆ ತೆಗೆದಿಡುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಬ್ಬ ಕುಡಿಕೆ ಒರೆಸುತ್ತಿದ್ದ, ಇನ್ನೊಬ್ಬ ದಾರ ಸಿಕ್ಕು ಬಿಡಿಸಿ ಸುತ್ತಿಡುತ್ತಿದ್ದ. ಖಾಲಿ ಕುಡಿಕೆಗಳೊಳಗೆ ಹಲ್ಲಿ ಬೀಳದಿರಲೆಂದು ಅವಕ್ಕೂ ಬಟ್ಟೆ ಮುಚ್ಚಿ ಬಿಳಿ ದಾರ ಕಟ್ಟುತ್ತಿದ್ದರು. ಕೆಂಪು ದಾರ ಒಂದು ಕಡೆ, ಬಿಳಿ ದಾರ ಒಂದು ಕಡೆ. ತಪ್ಪದವನು ಸುತ್ತಿಟ್ಟ ಉಂಡೆಗಳಲ್ಲಿ ಒಂದಕ್ಕೊಂದು ಬೆರೆತದ್ದೇ ಇಲ್ಲ.

ಆ ವರ್ಷ ಯುದ್ಧ ಕೆರಳಿತು. ಇಳಿಯುವ ವಿಮಾನಗಳು ಕಡಿಮೆಯಾಗುತ್ತ ಬಂದವು. ಒಂದು ಬೆಳಿಗ್ಗೆ ದಳಪತಿ ಹೆಸರುಮನೆಯ ಬಾಗಿಲಿಗೆ ಬಂದು ನಿಂತ. ಅವನು ಒಳಗೆ ಬರಲಿಲ್ಲ, ಕೂರಲಿಲ್ಲ.

‘ಹೆಸರಯ್ಯ, ನನ್ ಹತ್ರ ವಿಮಾನ ಇದೆ, ಹಾರಿಸೋರಿಲ್ಲ. ಇರೋರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾರ್ಸೋನು ತೋಪು ಸುತ್ತಾ ಇದಾನೆ. ನಾಳೆ ಮಧ್ಯಾಹ್ನದೊಳಗೆ ಅವನಿಗೊಂದು ಹೆಸರಿಡಿ.’

‘ತಪ್ಪು ಮಾಡ್ದೇ ಹೆಂಗಿಡ್ಲಿ ದಳಪತಿಗಳೇ?’

‘ನಿಮ್ ಕಣ್ಣಿಗೆ ಬೀಳ್ತಿಲ್ವೇನೋ. ವಯಸ್ಸಾಯ್ತಲ್ಲ.’

ಅಷ್ಟು ಹೇಳಿ ದಳಪತಿ ಹೋದ. ಆ ದಿನವೆಲ್ಲ ಹೆಸರಯ್ಯನ ತಲೆಯಲ್ಲಿ ಅದೇ ಮಾತು. ವಯಸ್ಸಾಯ್ತಲ್ಲ, ಕಣ್ಣಿಗೆ ಬೀಳ್ತಿಲ್ವೇನೋ. ಕುಡಿಕೆ ಒರೆಸುವಾಗ ಅದೇ, ದಾರ ಕಟ್ಟುವಾಗ ಅದೇ.

ಸಂಜೆ ತಪ್ಪದವನು ಸುತ್ತು ಮುಗಿಸಿ ಇಳಿದು ಬಂದ. ಹೆಸರಯ್ಯ ಹಲಗೆಗೆ ಕೈ ಹಾಕಿದ. ಕಿಟಕಿಯಿಂದ ಸಂಜೆಬಿಸಿಲು ಬಿದ್ದು ಹಲಗೆಯೆಲ್ಲ ಕೆಂಪಾಗಿತ್ತು, ಬಿಳಿ ದಾರವೂ ಕೆಂಪು, ಕೆಂಪು ದಾರವೂ ಕೆಂಪು. ಅವನು ಒಂದು ಕುಡಿಕೆ ಇಳಿಸಿ, ದಾರ ಬಿಚ್ಚಿ, ತಪ್ಪದವನ ಕಿವಿಗೆ ಹಿಡಿದ.

ತಪ್ಪದವನು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತ. ‘ಏನೂ ಕೇಳಿಸ್ಲಿಲ್ಲ ಅಯ್ಯಾ.’

‘ಗಾಳಿ ಜಾಸ್ತಿ ಇವತ್ತು. ಒಳಗೆ ಹೋಗಿರತ್ತೆ. ಹೋಗಪ್ಪ, ಕಾಫಿ ಆರೋಗತ್ತೆ’ ಎಂದ ಹೆಸರಯ್ಯ. ಅವನ ಮನಸ್ಸು ಅಲ್ಲಿರಲಿಲ್ಲ.

ತಪ್ಪದವನು ಹೋದ. ಸೂರ್ಯ ಕಿಟಕಿಯಿಂದ ಕೆಳಗಿಳಿದ. ಕೋಣೆಯ ಕೆಂಪು ಹೋಯಿತು, ಬಣ್ಣಗಳು ತಮ್ಮತಮ್ಮ ಜಾಗಕ್ಕೆ ಬಂದವು. ಆಗ ಹೆಸರಯ್ಯ ನೋಡಿದ. ಅವನ ಕೈಯಲ್ಲಿದ್ದದ್ದು ಬಿಳಿ ದಾರ. ತಪ್ಪದವನ ಕುಡಿಕೆ ಕೆಂಪು ದಾರ ಕಟ್ಟಿಸಿಕೊಂಡು ಹಲಗೆಯ ಮೇಲೆ ಹಾಗೆಯೇ ಕೂತಿತ್ತು.

ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಕೈ ತಪ್ಪಿತ್ತು. ಕುಡಿಕೆ ಎತ್ತಿಕೊಂಡು ಬಾಗಿಲ ಕಡೆ ಓಡಿದ. ಇನ್ನು ನಾಲ್ಕು ಹೆಜ್ಜೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅತ್ತ ಕಾಫಿಯ ಮನೆಯಲ್ಲಿ ಅತ್ತೆಮನೆ, ತಪ್ಪದವನನ್ನು ಅವನ ನೆಲದ ಹೆಸರು ಹಿಡಿದು ಕರೆದಿದ್ದ. ತಪ್ಪದವನು ತಿರುಗಲಿಲ್ಲ. ಎರಡನೆಯ ಸಲ ಕರೆದ, ಮೂರನೆಯ ಸಲ ಕರೆದ. ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು. ಹೆಸರಿಲ್ಲದೆ ಒಬ್ಬ ಊರೊಳಗೆ ಕೂತಿದ್ದಾನೆಂದರೆ ಅದು ಸಣ್ಣ ಮಾತಲ್ಲ. ದಳಪತಿ ಎದ್ದ, ಎಲ್ಲರೂ ಅವನ ಹಿಂದೆ ಹೆಸರುಮನೆಯ ಕಡೆ ನಡೆದರು. ಹೆಸರಯ್ಯ ಹೊಸ್ತಿಲು ದಾಟುವುದಕ್ಕೂ ಅವರು ಜಗಲಿ ಏರುವುದಕ್ಕೂ ಸರಿಹೋಯಿತು.

‘ಯಾರದು ಹೆಸರಯ್ಯ, ಆ ಕುಡಿಕೆ?’ ಎಂದ ದಳಪತಿ.

ಹೆಸರಯ್ಯ ಅವರ ಮುಖಗಳನ್ನು ನೋಡಿದ. ಅಷ್ಟೂ ಮುಖಗಳಿಗೆ ಹೆಸರಿಟ್ಟವನು ಅವನು. ಅವರ ಹಿಂದೆ ತಪ್ಪದವನು ತನ್ನ ಹೆಸರಿಗೇ ಕಿವುಡನಾಗಿ ನಿಂತಿದ್ದ. ನಾಳೆ ಮಧ್ಯಾಹ್ನದ ಗಡುವು ಹೆಸರಯ್ಯನಿಗೆ ನೆನಪಾಯಿತು. ವಯಸ್ಸಾಯ್ತಲ್ಲ ಎಂಬ ಮಾತು ನೆನಪಾಯಿತು. ಇಷ್ಟು ದಿನ ಗರಿಕೆ ಕೀಳುತ್ತ ಕೂತ ಹುಡುಗನಿಗೂ ಹೆಸರು ಸಿಕ್ಕೀತು ಎಂದುಕೊಂಡ. ತನ್ನ ಹೆದರಿಕೆಗೆ ಅವನ ಮೇಲಿನ ಪ್ರೀತಿಯನ್ನು ಹೊದಿಸಿದ. ಹೊದಿಸಿ ಹೇಳಿದ.

‘ಇವನದೇ. ತಗೊಂಡ್ಹೋಗೋದನ್ನ ಮರೆತು ಕಾಫಿಗೆ ಹೋಗ್ಬಿಟ್ಟ.’

ಎಲ್ಲರೂ ಜಗಲಿ ಬಿದ್ದುಹೋಗುವ ಹಾಗೆ ನಕ್ಕರು. ತನ್ನ ಹೆಸರನ್ನೇ ಮರೆತವನು! ಹನ್ನೊಂದು ತಿಂಗಳು ಕಾಯಿಸಿ ಕೊಟ್ಟನಲ್ಲ, ಕೊಟ್ಟರೆ ಇಂಥದ್ದನ್ನೇ ಕೊಡಬೇಕು ಎಂದು ಒಂಟಿಚಪ್ಪಲಿ ಕುಣಿದಾಡಿದ. ಕುಡಿಕೆಯನ್ನು ತಪ್ಪದವನ ಕಿವಿಗೆ ಹಿಡಿದರು, ಅವನ ನೆಲದ ಹೆಸರು ಅವನೊಳಗೆ ಹೋಯಿತು. ಅಲ್ಲೇ, ಆ ಗಳಿಗೆಯಲ್ಲೇ, ಅವನ ಸುತ್ತ ನಿಂತರು.

ಹೆಸರಯ್ಯ ನಡುವೆ ನಿಂತು ಆಗದ ಎಡವಟ್ಟನ್ನು ಹೇಳಿದ. ಆದ ಎಡವಟ್ಟುಗಳನ್ನು ಹೇಳುವಾಗ ಅವನು ಎಂದೂ ಬಣ್ಣ ಕಟ್ಟಿದವನಲ್ಲ, ಇದಕ್ಕೆ ಬಣ್ಣ ಕಟ್ಟಿದ. ‘ಇವತ್ತಿನಿಂದ ಇವನು ಮರೆಗುಳಿ’ ಎಂದ.

ಆ ಹುಡುಗ ಮೆಲ್ಲಗೆ, ಹತ್ತಿರ ನಿಂತವರಿಗೂ ಕೇಳಿಸದ ಹಾಗೆ, ‘ನಾನು ಮರೆತ್ನಾ ಅಯ್ಯಾ?’ ಎಂದು ಕೇಳಿದ.

‘ಮರೆತೋನಿಗೆ ಮರೆತದ್ದು ನೆನಪಿರತ್ತೇನಪ್ಪ?’ ಎಂದ ಹೆಸರಯ್ಯ. ಅದಕ್ಕೆ ಯಾರಿಂದಲೂ ಉತ್ತರ ಕೊಡಲಾಗದು. ಹಾಗೆಂದೇ ಅದನ್ನು ಹೇಳಿದ್ದ.

ಹುಡುಗ ಅವನನ್ನು ಬಹಳ ಹೊತ್ತು ನೋಡಿದ. ನೋಡಿ ನಕ್ಕ. ನಕ್ಕನೇ ಹೊರತು ಕೆಂಪಾಗಲಿಲ್ಲ. ಅದನ್ನು ಕಂಡವನು ಹೆಸರಯ್ಯ ಒಬ್ಬನೇ. ಉಳಿದವರು ಆಗಲೇ ಅವನ ಬೆನ್ನಿಗೆ ಗುದ್ದಲು ಶುರು ಮಾಡಿದ್ದರು. ಆ ಸಲ ಅವನು ಸಾಕ್ರಪ್ಪೋ ಎಂದು ಕೂಗಲಿಲ್ಲ. ಆ ಗುದ್ದುಗಳು ಬಹಳ ದಿನ ನೋಯುತ್ತಿದ್ದವು.

ಮಾರನೆಯ ದಿನದಿಂದ ಮರೆಗುಳಿ ಗುಡ್ಡದ ಆಚೆ ಹಾರತೊಡಗಿದ. ಬಯಲಿನ ನಡುವೆ ಒಂದು ಎತ್ತರದ ಗೋಪುರವಿತ್ತು. ಅದರ ತುದಿಯಲ್ಲಿ ಕೂಗಕ್ಕ ಕೂರುತ್ತಿದ್ದಳು. ಅವಳ ಕಣ್ಣಿಗೆ ಬಾನೆಲ್ಲ ಕಾಣುತ್ತಿತ್ತು. ಅವಳು ಕೂಗಿದ್ದು ರೇಡಿಯೋದ ಮೂಲಕ ಮೇಲಿನ ಪೈಲಟ್ಟುಗಳ ಕಿವಿಗೂ, ದೊಡ್ಡ ತುತ್ತೂರಿಯ ಮೂಲಕ ಕೆಳಗಿನ ಬಯಲಿಗೂ ಕೇಳಿಸುತ್ತಿತ್ತು. ಹಿಂದಿನಿಂದ ಶತ್ರು ಬರುವುದನ್ನು ಹಾರಿಸುವವನು ಕಾಣಲಾರ, ಕೂಗಕ್ಕ ಕಾಣುತ್ತಿದ್ದಳು. ಅವಳು ಹೆಸರು ಕೂಗಿ ದಿಕ್ಕು ಹೇಳಿದರೆ ಅವನು ವಾಲಬೇಕು. ಅಷ್ಟೇ ಕೆಲಸ.

ಆರನೆಯ ದಿನ ಅವಳು ಗೋಪುರ ಇಳಿದು ಹೆಸರುಮನೆಗೆ ಬಂದಳು.

‘ಹೆಸರಯ್ಯ, ನಿಮ್ಮ ಮರೆಗುಳಿ ಎರಡು ಸಲ ಕೂಗ್ದೇ ಓಗೊಡಲ್ಲ. ಮೊದಲ್ನೇ ಸಲ ಕೂಗಿದ್ರೆ ಬೇರೆ ಯಾರನ್ನೋ ಕೂಗಿದ ಹಾಗೆ ಸುಮ್ನಿರ್ತಾನೆ. ನನಗೆ ಎದೆ ಹೊಡ್ಕೊಳತ್ತೆ. ಆ ಹೆಸರು ಕೂತಿದ್ಯಾ, ಇಲ್ವಾ?’

ಹೇಳಿಬಿಡಬಹುದಿತ್ತು. ಬಾಗಿಲು ಮುಚ್ಚಿತ್ತು, ಇದ್ದದ್ದು ಅವಳೊಬ್ಬಳೇ, ಅವಳು ಯಾರಿಗೂ ಸಾರುವವಳಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಹೆಸರಯ್ಯ ನುಂಗಿಕೊಂಡ.

‘ಹೊಸ ಹೆಸರು ಹೊಸ ಚಪ್ಪಲಿ ಇದ್ದ ಹಾಗೆ ಕಣಮ್ಮ. ನಾಲ್ಕು ದಿನ ಕಚ್ಚತ್ತೆ. ಆಮೇಲೆ ಸರಿಹೋಗತ್ತೆ.’

ಅವಳು ನಂಬಿದಳು. ಮೂವತ್ತು ವರ್ಷ ಒಂದೂ ತಪ್ಪು ಮಾಡದ ಹೆಸರಯ್ಯನ ಮಾತನ್ನು ನಂಬದೆ ಏನು ಮಾಡುತ್ತಾಳೆ?

ಏಳನೆಯ ದಿನ ಐದು ವಿಮಾನಗಳು ಎದ್ದಿದ್ದವು. ಮಧ್ಯಾಹ್ನವಾಯಿತು. ಗುಡ್ಡದ ಮೇಲೆ ಅವು ಸಾಸಿವೆಯಷ್ಟು ಕಾಣಿಸಿದವು. ಹೆಸರಯ್ಯ ಗುಡ್ಡದಾಚೆ ಹೋದವರಿಗೆಂದು ಎಂದಿನಂತೆ ಐದು ಕುಡಿಕೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಯಲಿಗೆ ಬಂದು, ಗೋಪುರದ ಕೆಳಗೆ ಗುಡ್ಡಕ್ಕೆ ಮುಖ ಮಾಡಿ ನಿಂತ. ಮನಸ್ಸಿನಲ್ಲೇ ಅಂದುಕೊಂಡ, ಇವತ್ತು ಅವನು ಇಳಿಯಲಿ, ಮಜ್ಜಿಗೆ ಕೊಟ್ಟು ಕೂರಿಸಿಕೊಂಡು ಹೇಳಿಬಿಡುತ್ತೇನೆ. ನಿಜವಾಗಿಯೂ ಹಾಗೆ ಅಂದುಕೊಂಡಿದ್ದ. ನಿನ್ನೆಯೂ ಹಾಗೆಯೇ ಅಂದುಕೊಂಡಿದ್ದ.

ಆಗ ಮೇಲಿನಿಂದ ಕೂಗು ಬಂತು.

‘ಮರೆಗುಳೀ!’

ಹೆಸರಯ್ಯ ಥಟ್ಟನೆ ತಿರುಗಿ ಗೋಪುರದತ್ತ ಮುಖವೆತ್ತಿದ. ‘ಏನಮ್ಮಾ?’ ಎಂದ.

ಎಂದ ಮೇಲೆ ಅವನಿಗೆ ಗೊತ್ತಾಯಿತು. ತಟ್ಟೆಯಲ್ಲಿದ್ದ ಕುಡಿಕೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಕಿವಿಯವರೆಗೂ ಅವನ ಮುಖ ಕೆಂಪಾಯಿತು. ಆ ಬಯಲಿನಲ್ಲಿ, ಆ ಬಾನಿನಲ್ಲಿ, ಆ ಹೆಸರಿಗೆ ತಿರುಗಿದವನು ಅವನೊಬ್ಬನೇ.

ಮೇಲೆ ಐದನೆಯ ವಿಮಾನ ನೆಟ್ಟಗೆ ಬರುತ್ತಿತ್ತು. ಅದರ ಹಿಂದೆ ಬಿಸಿಲಿನೊಳಗಿಂದ ಇನ್ನೊಂದು ಇಳಿಯುತ್ತಿತ್ತು.

‘ಮರೆಗುಳೀ, ಎಡಕ್ಕೆ! ಮರೆಗುಳೀ!’

ಮೂರನೆಯ ಕೂಗಿಗೆ ವಿಮಾನ ಎಡಕ್ಕೆ ವಾಲಿತು. ಬಹಳ ಚೆನ್ನಾಗಿ ವಾಲಿತು, ಅವನು ಯಾವುದನ್ನೂ ಕೆಟ್ಟದಾಗಿ ಮಾಡಿದವನಲ್ಲ. ಮೊದಲನೆಯ ಕೂಗಿಗೆ ವಾಲಿದ್ದರೆ ಸಾಕಿತ್ತು. ಗುಡ್ಡದ ಈಚೆಯ ಇಳಿಜಾರಿನಲ್ಲಿ ಒಂದು ಹೊಗೆಯ ಕಂಬ ಎದ್ದಿತು, ಗಾಳಿ ಇಲ್ಲದ್ದರಿಂದ ಬಹಳ ಹೊತ್ತು ನೆಟ್ಟಗೆ ನಿಂತಿತ್ತು. ನಾಲ್ವರು ಇಳಿದರು, ಹೆಸರಯ್ಯ ನಾಲ್ಕು ಕುಡಿಕೆಗಳ ದಾರ ಬಿಚ್ಚಿದ. ಐದನೆಯದನ್ನು ತಟ್ಟೆಯಲ್ಲೇ ಇಟ್ಟುಕೊಂಡು ಹೆಸರುಮನೆಗೆ ನಡೆದ.

ಬಾರದವನಿಗಾಗಿ ಹದಿಮೂರು ಸಂಜೆ ಕೂಗುವುದು ಆ ಊರಿನ ಪದ್ಧತಿ. ಪೈಲಟ್ಟುಗಳೆಲ್ಲ ಬಯಲಿನಲ್ಲಿ ಸುತ್ತ ನಿಲ್ಲುತ್ತಾರೆ, ಕೂಗಕ್ಕ ಗೋಪುರದಿಂದ ಗುಡ್ಡದ ಕಡೆಗೆ ಅಡ್ಡಹೆಸರನ್ನು ಮೂರು ಸಲ ಕೂಗುತ್ತಾಳೆ. ಯಾರೂ ಓಗೊಡುವುದಿಲ್ಲ. ಹದಿಮೂರನೆಯ ಸಂಜೆ ಕುಡಿಕೆಯನ್ನು ಮನೆಯವರ ಕೈಗೆ ಕೊಡುತ್ತಾರೆ. ಅವರು ಅದನ್ನು ತಮ್ಮ ಮನೆಯಲ್ಲೇ ಬಿಚ್ಚುತ್ತಾರೆ.

ಮೊದಲ ಸಂಜೆ ಕೂಗು ಬಂದಾಗ ಹೆಸರಯ್ಯ ಹಲಗೆಗೆ ಮುಖ ಮಾಡಿ ಕೂತಿದ್ದ. ತಿರುಗಬಾರದೆಂದು ಹಲ್ಲು ಕಚ್ಚಿ ಕೂತಿದ್ದ. ಆದರೂ ತಿರುಗಿದ. ಎರಡನೆಯ ಸಂಜೆ ಕಿವಿಗೆ ಬಟ್ಟೆ ತುರುಕಿಕೊಂಡ, ತಿರುಗಿದ. ಮೂರನೆಯ ಸಂಜೆ, ಐದನೆಯ ಸಂಜೆ, ಹತ್ತನೆಯ ಸಂಜೆ. ಕೂಗಿದಷ್ಟು ಸಲವೂ ಅವನ ಕತ್ತು ಅವನನ್ನು ಕೇಳದೆ ಹೊರಳಿತು. ಮೂವತ್ತು ವರ್ಷ ಅವನು ಇಟ್ಟ ಹೆಸರುಗಳಲ್ಲಿ ಇಷ್ಟು ಗಟ್ಟಿಯಾಗಿ ಕೂತ ಹೆಸರು ಇನ್ನೊಂದಿರಲಿಲ್ಲ. ಮಜ್ಜಿಗೆಯ ಮಡಿಕೆ ಜಗಲಿಯ ಮೇಲೆ ಹುಳಿ ಹಿಡಿದು ಕೂತಿತ್ತು. ಅದನ್ನು ಚೆಲ್ಲಲು ಅವನಿಗೆ ಕೈ ಬರಲಿಲ್ಲ.

ಹದಿಮೂರನೆಯ ದಿನ ಇಳಿಹೊತ್ತಿಗೆ ಆ ಹುಡುಗನ ಅಕ್ಕ ಬಂದಳು. ದೂರದ ಊರಿನವಳು, ಸೆರಗಿನ ತುಂಬ ದಾರಿಯ ಧೂಳು. ಹೆಸರಯ್ಯ ಮಣೆ ಹಾಕಿ ನೀರು ಕೊಟ್ಟ. ಅವಳು ನೀರು ಕುಡಿದು, ಹಲಗೆಯ ಮೇಲಿನ ಕುಡಿಕೆಗಳನ್ನು ನೋಡಿದಳು.

‘ಮೇಲೆ ನಮ್ಮ ತಮ್ಮನ್ನ ಏನಂತ ಕರೀತಿದ್ರಿ ಅಯ್ಯಾ?’

‘ಮರೆಗುಳಿ ಅಂತ’ ಎಂದ ಹೆಸರಯ್ಯ. ಆ ಮಾತು ಬಾಯಿಂದ ಹೊರಡುವುದೇ ಕಷ್ಟವಾಯಿತು.

‘ಅವನಾ? ಮೂರು ವರ್ಷದೋನಿದ್ದಾಗ ನಾನು ಅವನಿಗೆ ಒಂದು ಗೋಲಿ ಕೊಟ್ಟು ಇಟ್ಕೊಂಡಿರು ಅಂದಿದ್ದೆ. ನನ್ನ ಮದುವೆ ದಿನ ತಂದು ವಾಪಸ್ ಕೊಟ್ಟ.’ ಅವಳು ಅಳುತ್ತಿರಲಿಲ್ಲ. ಅತ್ತು ಮುಗಿಸಿ ಬಂದಿದ್ದಳು. ಸೊಂಟಕ್ಕೆ ಸಿಕ್ಕಿಸಿದ್ದ ಕಾಗದ ತೆಗೆದು ಅವನ ಕೈಗಿಟ್ಟಳು. ‘ಇದನ್ನ ಓದಿ. ನಂಗೆ ಪೂರ್ತಿ ಅರ್ಥ ಆಗ್ಲಿಲ್ಲ. ನಿಮಗಾಗಬಹುದು.’

ಕಾಗದದಲ್ಲಿ ಹೀಗಿತ್ತು. ‘ಅಕ್ಕಾ, ನನಗೂ ಒಂದು ಅಡ್ಡಹೆಸರು ಸಿಕ್ಕಿತು. ಇನ್ನು ನಾನೂ ಗುಡ್ಡದ ಆಚೆ ಹೋಗಬಹುದು. ಆದರೆ ಅದು ನನ್ನದಲ್ಲ. ಇನ್ನೊಬ್ಬರದು ತಪ್ಪಿ ನನ್ನ ಕೈಗೆ ಬಂದಿದೆ. ಯಾರದೆಂದು ಗೊತ್ತು. ನಾನೇ ಹೋಗಿ ಹೇಳಿದರೆ ಅವರಿಗೆ ಎಲ್ಲರೆದುರು ತಲೆ ತಗ್ಗಿಸಿದ ಹಾಗಾಗುತ್ತದೆ. ದಿನಾ ನನಗೆ ಮಜ್ಜಿಗೆ ತೆಗೆದಿಡುವವರು. ಅವರಾಗಿ ಕೇಳುವ ತನಕ ಜೋಪಾನವಾಗಿ ಇಟ್ಟುಕೊಂಡಿರುತ್ತೇನೆ. ಕೂಗಿದಾಗ ಇದು ನನ್ನನ್ನೇ ಎಂದು ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತಾಗುತ್ತದೆ, ಅಷ್ಟೇ. ಅಭ್ಯಾಸವಾಗುತ್ತದೆ.’

ಹೆಸರಯ್ಯ ಓದಿದ. ಇನ್ನೊಮ್ಮೆ ಓದಿದ. ಕಾಗದ ಮಡಿಸಿ ಅವಳಿಗೆ ಕೊಟ್ಟ. ಅಷ್ಟರಲ್ಲಿ ಹೊರಗೆ ಬಯಲಿನಲ್ಲಿ ಪೈಲಟ್ಟುಗಳು ಸುತ್ತ ನಿಲ್ಲುವ ಸದ್ದಾಯಿತು. ಕೊನೆಯ ಸಂಜೆ. ಹೆಸರಯ್ಯ ಕುಡಿಕೆಯನ್ನು ಹಲಗೆಯಿಂದ ಇಳಿಸಿ ಎದೆಗೆ ಹಿಡಿದುಕೊಂಡು ಹೊರಗೆ ಬಂದ. ಅಕ್ಕ ಹಿಂದೆ ಬಂದಳು.

‘ಮರೆಗುಳೀ!’ ಎಂದು ಕೂಗಕ್ಕ ಗುಡ್ಡದ ಕಡೆಗೆ ಕೂಗಿದಳು. ಗುಡ್ಡ ಸುಮ್ಮನಿತ್ತು.

‘ಮರೆಗುಳೀ!’ ಹೆಸರಯ್ಯನ ಕತ್ತು ಹೊರಳಿತು.

‘ಮರೆಗುಳೀ!’

‘ಓ’ ಎಂದ ಹೆಸರಯ್ಯ. ‘ಇಲ್ಲಿದೀನಿ.’

ಎಲ್ಲರೂ ಅವನತ್ತ ನೋಡಿದರು. ಅವನು ನಡೆದು ಹೋಗಿ ನಡುವೆ ನಿಂತ. ಉಳಿದವರ ಎಡವಟ್ಟುಗಳನ್ನು ಹೇಗೆ ಹೇಳುತ್ತಿದ್ದನೋ ಹಾಗೆ, ಒಂದಿಷ್ಟೂ ಬಿಡದೆ, ಬಣ್ಣ ಕಟ್ಟದೆ ಹೇಳಿದ. ಸಂಜೆಬಿಸಿಲು ಹೇಳಿದ, ಬಿಳಿ ದಾರ ಹೇಳಿದ. ಏನೂ ಕೇಳಿಸ್ಲಿಲ್ಲ ಅಯ್ಯಾ ಎಂದ ಹುಡುಗನಿಗೆ ಗಾಳಿಯ ಮೇಲೆ ಹಾಕಿ ಕಳಿಸಿದ್ದನ್ನು ಹೇಳಿದ. ಕೂಗಕ್ಕ ಬಂದು ಕೇಳಿದಾಗ ಚಪ್ಪಲಿಯ ಮಾತಾಡಿದ್ದನ್ನೂ ಹೇಳಿದ. ಕೂಗಕ್ಕ ಗೋಪುರದ ಮೇಲೆ ತುತ್ತೂರಿಯನ್ನು ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು. ‘ಮರೆತೋನು ನಾನು ಕಣ್ರಪ್ಪ. ಆ ಹೆಸರು ನಂದು. ನನ್ನ ಹೆಸರನ್ನ ಅವನ ತಲೆಗೆ ಕಟ್ಟಿ ಮೇಲೆ ಕಳಿಸ್ದೆ. ಅದು ಅವನಿಗೆ ಅಡ್ಡ ನಿಲ್ಲಲಿಲ್ಲ.’

ಅವನ ಮುಖ ಕೆಂಪಾಗಿತ್ತು. ಅವನು ನಗಬೇಕಿತ್ತು, ನಗು ಬರಲಿಲ್ಲ. ಸುತ್ತ ನಿಂತವರೂ ನಗಲಿಲ್ಲ. ಅತ್ತೆಮನೆ ಕಾಲ ಬುಡ ನೋಡುತ್ತಿದ್ದ, ಉಪ್ಪಿಟ್ಟು ಮುಖ ಆಚೆ ತಿರುಗಿಸಿದ್ದ. ದಳಪತಿ ಏನೋ ಹೇಳಲು ಬಾಯಿ ತೆರೆದು, ಗಡುವು ಕೊಟ್ಟವನು ತಾನೆಂದು ನೆನಪಾಗಿ ಮುಚ್ಚಿಕೊಂಡ. ಹೆಸರಯ್ಯ ಬೆನ್ನು ಬಗ್ಗಿಸಿ ಸ್ವಲ್ಪ ಹೊತ್ತು ಹಾಗೇ ನಿಂತ. ಯಾರಾದರೂ ಒಂದು ಗುದ್ದು ಹಾಕಿದ್ದರೂ ಅವನಿಗೆ ಹಗುರಾಗುತ್ತಿತ್ತು. ಯಾರೂ ಹತ್ತಿರ ಬರಲಿಲ್ಲ.

ಅಕ್ಕ ಮುಂದೆ ಬಂದು ಎರಡೂ ಕೈ ಚಾಚಿದಳು. ಅವನು ಕುಡಿಕೆಯನ್ನು ಅವಳ ಕೈಗಿಟ್ಟ. ಅವಳು ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಕೆಂಪು ಹೌದೋ ಅಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಿದಳು. ಹಾಗೆ ನೋಡಿದ್ದಕ್ಕೆ ಅವನಿಗೆ ಬೇಸರವಾಗಲಿಲ್ಲ. ಅವಳು ಕುಡಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಯಲಿನ ಗೇಟಿನ ಕಡೆ ನಡೆದಳು. ಪೈಲಟ್ಟುಗಳು ಒಬ್ಬೊಬ್ಬರಾಗಿ ಚದುರಿದರು. ಹೆಸರಯ್ಯ ಹೆಸರುಮನೆಯ ಕಡೆ ಹೆಜ್ಜೆ ಹಾಕಿದ.

ಗೇಟಿನ ಹತ್ತಿರ ಅವಳು ನಿಂತಳು. ನಡುವೆ ಅಷ್ಟು ದೊಡ್ಡ ಬಯಲು. ಅವಳು ದನಿ ಏರಿಸಲಿಲ್ಲ, ಪಕ್ಕದ ಮನೆಯವರನ್ನು ಕರೆಯುವಷ್ಟು ಮಾತ್ರ ಕರೆದಳು.

‘ಮರೆಗುಳೀ.’

ಹೆಸರಯ್ಯ ಥಟ್ಟನೆ ತಿರುಗಿದ.

ಒಂದೇ ಕೂಗಿಗೆ ತಿರುಗುತ್ತಾನೋ ಇಲ್ಲವೋ ಎಂದು ಅವಳಿಗೆ ನೋಡಬೇಕಿತ್ತು. ನೋಡಿ, ಕುಡಿಕೆಯನ್ನು ಎದೆಗೊತ್ತಿಕೊಂಡು ಹೊರಟುಹೋದಳು.